ತುಮಕೂರು ಸೀಮೆಯ ಮಣ್ಣಿಗೂ ಹೆದ್ದಾರಿಗೂ ಒಂದೇ ಬೈಕ್: ಯಾವುದನ್ನು ಕೊಳ್ಳಬೇಕು?

ಡಾಂಬರಿನ ಮೇಲೂ ಮಣ್ಣಿನ ಜಾಡಿನಲ್ಲೂ ಓಡುವ, ನಂಬರ್ ಪ್ಲೇಟ್ ಸಿಗುವ ಡರ್ಟ್ ಬೈಕ್ ಕೊಳ್ಳಬೇಕೆಂದು ಹೊರಟವರು ನಮ್ಮೂರಿನಲ್ಲಿ ಮೊದಲು ಕೇಳುವುದು ಎಷ್ಟು ಸಿಸಿ, ಎಷ್ಟು ಪಿಕಪ್ ಎಂಬುದನ್ನೇ. ನನ್ನ ದೃಷ್ಟಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಎರಡಿವೆ. ಕಲ್ಲಿನ ಏರಿನಲ್ಲಿ ಬಿದ್ದ ಬೈಕನ್ನು ಒಬ್ಬರೇ ಎತ್ತಿ ನಿಲ್ಲಿಸಲು ಆಗುತ್ತದೆಯೇ? ಲಿವರ್ ಮುರಿದರೆ, ಟ್ಯೂಬ್ ಹರಿದರೆ, ಕ್ಲಚ್ ಪ್ಲೇಟ್ ಸುಟ್ಟರೆ ಬೇಕಾದ ಸಾಮಾನು ಎಷ್ಟು ದೂರದಲ್ಲಿ ಸಿಗುತ್ತದೆ? ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ತುಮಕೂರು ಜಿಲ್ಲೆಯವರು ಸಾಮಾನ್ಯವಾಗಿ ಹೋಲಿಸಿ ನೋಡುವ ಬೈಕ್‌ಗಳನ್ನು ಇಲ್ಲಿ ವಿಮರ್ಶಿಸಿದ್ದೇನೆ. ಇವುಗಳಲ್ಲಿ ಹೀರೋ ಎಕ್ಸ್‌ಪಲ್ಸ್ 200 4ವಿ ನನ್ನ ಸ್ವಂತದ್ದು; ಎಕ್ಸ್‌ಪಲ್ಸ್ 210, ಕೆಟಿಎಂ 390 ಎಂಡ್ಯೂರೋ ಆರ್ ಮತ್ತು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಜೊತೆಯಲ್ಲಿ ಓಡಿಸುವ ಗೆಳೆಯರವು; ಕವಾಸಾಕಿ ಕೆಎಲ್‌ಎಕ್ಸ್ 230ನ್ನು ಬೆಂಗಳೂರಿನಲ್ಲಿ ಟೆಸ್ಟ್ ರೈಡ್ ಮಾಡಿದ್ದೇನೆ.

ನಮ್ಮ ಜಿಲ್ಲೆಯ ನೆಲ ಒಂದೇ ಬಗೆಯದಲ್ಲ, ಬೈಕ್ ಆಯ್ಕೆಯ ಕಷ್ಟವೂ ಅಲ್ಲಿಂದಲೇ ಶುರುವಾಗುತ್ತದೆ. ಗುಬ್ಬಿ, ತಿಪಟೂರು, ತುರುವೇಕೆರೆಯ ಕಡೆ ತೆಂಗು, ಅಡಿಕೆ ತೋಟಗಳ ನಡುವೆ ಹಾದುಹೋಗುವ ಬಂಡಿ ಜಾಡುಗಳು ಬೇಸಿಗೆಯಲ್ಲಿ ಗಟ್ಟಿಯಾಗಿದ್ದು, ಒಂದು ಮಳೆ ಬಿದ್ದರೆ ಟೈರಿಗೆ ಮೆತ್ತಿಕೊಳ್ಳುವ ಜೇಡಿಯಾಗುತ್ತವೆ. ಕೊರಟಗೆರೆ, ಮಧುಗಿರಿಯ ಕಡೆ ಬೆಟ್ಟಗಳ ಬುಡದಲ್ಲಿ ನೊರಜುಗಲ್ಲು, ಅದರ ನಡುವೆ ಹಾಸುಬಂಡೆ, ಮುಂದೆ ಜಯಮಂಗಲಿ ಹೊಳೆಯ ಮರಳು. ಶಿರಾ, ಪಾವಗಡದ ಕಡೆ ಒಣ ಕೆಂಪು ನೆಲ, ಕುರಿ ಮೇಯುವ ಗೋಮಾಳ, ಎಲ್ಲೆಲ್ಲೂ ಬಳ್ಳಾರಿ ಜಾಲಿ. ಇವುಗಳಲ್ಲಿ ಹಲವನ್ನು ತಲುಪಬೇಕಾದರೆ ರಾಷ್ಟ್ರೀಯ ಹೆದ್ದಾರಿ 48ರಲ್ಲೋ 73ರಲ್ಲೋ ಲಾರಿಗಳ ಪಕ್ಕದಲ್ಲಿ ಒಂದಷ್ಟು ದೂರ ಓಡಲೇಬೇಕು. ವಾರದ ಉಳಿದ ದಿನಗಳಲ್ಲಿ ಇದೇ ಬೈಕ್ ವಸಂತನರಸಾಪುರದ ಕಾರ್ಖಾನೆಗೋ ಊರಿನೊಳಗಿನ ಕಚೇರಿಗೋ ಹೋಗಿ ಬರಬೇಕು. ಮಣ್ಣಿಗೊಂದು, ರಸ್ತೆಗೊಂದು ಎಂದು ಎರಡು ಬೈಕ್ ಇಟ್ಟುಕೊಳ್ಳುವ ಅನುಕೂಲ ನಮ್ಮಲ್ಲಿ ಹೆಚ್ಚಿನವರಿಗಿಲ್ಲ.

ನಂಬರ್ ಪ್ಲೇಟಿನ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೋಟಾರು ವಾಹನ ಕಾಯ್ದೆ 1988ರ 39ನೇ ಕಲಮಿನ ಪ್ರಕಾರ ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಹಳ್ಳಿಯ ಮಣ್ಣಿನ ರಸ್ತೆಯೂ ಸಾರ್ವಜನಿಕ ಸ್ಥಳವೇ. ಕವಾಸಾಕಿಯ ಕೆಎಲ್‌ಎಕ್ಸ್ 140, ಕೆಎಕ್ಸ್ ಸರಣಿಯಂಥ ಬೈಕ್‌ಗಳು ಭಾರತದಲ್ಲಿ ಮಾರಾಟವಾಗುತ್ತವೆಯಾದರೂ ಅವು ಮುಚ್ಚಿದ ಟ್ರ್ಯಾಕಿಗೆಂದೇ ತಯಾರಾದವು. ಅವಕ್ಕೆ ಇಂಡಿಕೇಟರ್ ಇಲ್ಲ, ಆರ್‌ಸಿ ಸಿಗುವುದಿಲ್ಲ. ಇದರಲ್ಲಿ ಹೆಸರಿನ ಗೊಂದಲವೂ ಇದೆ. ಕೆಎಲ್‌ಎಕ್ಸ್ 230ಆರ್ ಎಸ್ ಎಂಬುದು ಟ್ರ್ಯಾಕಿನ ಬೈಕ್, ಕೆಎಲ್‌ಎಕ್ಸ್ 230 ಎಂಬುದು ರಸ್ತೆಗೆ ಬರುವ ಬೈಕ್. ಹೆಸರಿನಲ್ಲಿ ಒಂದೆರಡು ಅಕ್ಷರದ ವ್ಯತ್ಯಾಸವಿದ್ದರೂ ಮೊದಲನೆಯದನ್ನು ಕೊಂಡವರು ಕೆಎ-06 ನೋಂದಣಿಗೆಂದು ತುಮಕೂರಿನ ಆರ್‌ಟಿಒ ಕಚೇರಿಗೆ ಹೋಗಿ ಪ್ರಯೋಜನವಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅಂಥದ್ದನ್ನು ತಂದು ಊರ ಹೊರಗೆ ಓಡಿಸುವವರಿಗೆ ನಾನು ಹೇಳುವುದಿಷ್ಟೇ: ನೋಂದಣಿಯಿಲ್ಲದ ಬೈಕಿಗೆ ವಿಮೆಯ ರಕ್ಷಣೆ ಇರುವುದಿಲ್ಲ, ಹೊಲದಿಂದ ಮನೆಗೆ ನಡೆದುಹೋಗುತ್ತಿರುವ ಯಾರಿಗಾದರೂ ಪೆಟ್ಟಾದರೆ ಪರಿಹಾರದ ಪೂರ್ತಿ ಹೊರೆ ಓಡಿಸಿದವರ ತಲೆಯ ಮೇಲೆಯೇ ಬರುತ್ತದೆ.

ಈಗ ಬೈಕ್‌ಗಳ ವಿಷಯ. ಹೀರೋ ಎಕ್ಸ್‌ಪಲ್ಸ್ 200 ಮೊದಲು ಬಂದದ್ದು 2019ರಲ್ಲಿ. ನಾಲ್ಕು ವಾಲ್ವಿನ 4ವಿ ಬಂದದ್ದು 2021ರಲ್ಲಿ. ಅದಕ್ಕೂ ಮೊದಲು ಇದೇ ಕಂಪನಿ 2011ರಲ್ಲಿ ಇಂಪಲ್ಸ್ ಎಂಬ 150 ಸಿಸಿ ಬೈಕ್ ತಂದಿತ್ತು, ಅದರ ಎಂಜಿನ್ ಶಕ್ತಿ ಮಾತ್ರ ಆ ದೇಹಕ್ಕೆ ಸಾಲುತ್ತಿರಲಿಲ್ಲ. 4ವಿಯ 199.6 ಸಿಸಿ ಎಂಜಿನ್ 19.1 ಪಿಎಸ್ (ಅಶ್ವಶಕ್ತಿ) ಶಕ್ತಿಯನ್ನೂ 17.35 ನ್ಯೂಟನ್ ಮೀಟರ್ ಟಾರ್ಕನ್ನೂ (ಎಳೆಯುವ ಬಲ) ಕೊಡುತ್ತದೆ. ಮುಂದೆ 21 ಇಂಚು, ಹಿಂದೆ 18 ಇಂಚಿನ ಕಡ್ಡಿ ಚಕ್ರ, 220 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಬೈಕಿನ ತಳಕ್ಕೂ ನಡುವಿನ ಅಂತರ), ಮುಂದೆ 190 ಮತ್ತು ಹಿಂದೆ 170 ಮಿ.ಮೀ. ಸಸ್ಪೆನ್ಷನ್ (ಹೊಂಡದಲ್ಲಿ ಚಕ್ರ ಮೇಲೆ ಕೆಳಗೆ ಆಡುವ ದೂರ), 825 ಮಿ.ಮೀ. ಎತ್ತರದ ಸೀಟು, 13 ಲೀಟರ್ ಟ್ಯಾಂಕ್, ತೂಕ ಸುಮಾರು 160 ಕೆ.ಜಿ. ಕಾಗದದ ಮೇಲೆ ಈ ಅಂಕಿಗಳು ಯಾರನ್ನೂ ಬೆರಗುಗೊಳಿಸುವುದಿಲ್ಲ. ಆದರೆ ಕೊರಟಗೆರೆ ದಾಟಿ ಚನ್ನರಾಯನದುರ್ಗದ ಕಡೆಯ ಮಣ್ಣು ಹಾದಿಗೆ ಇಳಿದಾಗ, ದೊಡ್ಡ ಮುಂಚಕ್ರವು ಮುಷ್ಟಿಗಾತ್ರದ ಕಲ್ಲುಗಳ ಮೇಲೆ ಹ್ಯಾಂಡಲ್ ಕಿತ್ತುಕೊಳ್ಳದೆ ಉರುಳುವುದನ್ನು ಕೈಗಳು ಗುರುತಿಸುತ್ತವೆ. ಎರಡನೇ ಗೇರಿನಲ್ಲಿ ನಿಂತುಕೊಂಡು, ಮಂಡಿಯಿಂದ ಟ್ಯಾಂಕನ್ನು ಅವುಚಿ ಹಿಡಿದು, ಕ್ಲಚ್ಚನ್ನು ಒಂದು ಬೆರಳಿನಲ್ಲಿ ಆಡಿಸುತ್ತ ಹೋಗಬಹುದು. ಹೊಸಬರಿಗೆ ಈ ಎಂಜಿನ್ನಿನ ದೊಡ್ಡ ಉಪಕಾರವೆಂದರೆ ಅದು ಥಟ್ಟನೆ ಎಗರುವುದಿಲ್ಲ. ಉಬ್ಬಿನ ಮೇಲೆ ಕೈ ಜಾರಿ ಆಕ್ಸಲರೇಟರ್ ತಿರುಗಿದರೂ ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ.

ಇದರ ಕೊರತೆಯೂ ಅಲ್ಲೇ ಇದೆ. ಐದೇ ಗೇರುಗಳಿರುವ ಈ ಬೈಕ್ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ಆಸುಪಾಸಿನಲ್ಲಿ ನೆಮ್ಮದಿಯಾಗಿ ಓಡುತ್ತದೆ. 90 ದಾಟಿದ ಮೇಲೆ ಫುಟ್‌ಪೆಗ್ಗಿನಲ್ಲೂ ಹ್ಯಾಂಡಲಿನಲ್ಲೂ ನಡುಕ ಶುರುವಾಗುತ್ತದೆ. ಡಾಬಸ್‌ಪೇಟೆಯ ಕಡೆ ಎದುರುಗಾಳಿಯಿದ್ದಾಗ ಬಸ್ಸನ್ನು ಹಿಂದಿಕ್ಕಲು ಸಾಕಷ್ಟು ದೂರದಿಂದಲೇ ಲೆಕ್ಕ ಹಾಕಬೇಕು. ಹಿಂದೆ ಒಬ್ಬರನ್ನು ಕೂರಿಸಿಕೊಂಡರಂತೂ ಆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಪ್ರತಿ ವಾರ ಬೆಂಗಳೂರಿಗೆ ಹೋಗಿ ಬರಬೇಕಾದವರಿಗೆ ಇದನ್ನು ನಾನು ಶಿಫಾರಸು ಮಾಡಲಾರೆ. ಊರಿನ ಸುತ್ತಲಿನ ನಲವತ್ತು ಐವತ್ತು ಕಿ.ಮೀ. ವ್ಯಾಪ್ತಿಯಲ್ಲೇ ದಿನದ ಓಡಾಟ ಮುಗಿಯುವವರಿಗೆ ಮಾತ್ರ ಇದಕ್ಕಿಂತ ಸುಲಭವಾದ ಆಯ್ಕೆ ಇನ್ನೊಂದಿಲ್ಲ. ತಾಲ್ಲೂಕು ಊರುಗಳಲ್ಲೆಲ್ಲ ಹೀರೋ ಸರ್ವೀಸ್ ಇದೆ. ಸ್ಪ್ಲೆಂಡರ್ ಬಿಚ್ಚಿ ಪಳಗಿದ ಮೆಕ್ಯಾನಿಕ್ ಇದರ ಚೈನ್, ಕ್ಲಚ್, ಬ್ರೇಕ್ ಕೆಲಸಕ್ಕೆ ಹಿಂಜರಿಯುವುದಿಲ್ಲ. ಇದೇ ಬೈಕಿನ ಪ್ರೋ ಆವೃತ್ತಿಯಲ್ಲಿ ಸಸ್ಪೆನ್ಷನ್ ಮುಂದೆ 250, ಹಿಂದೆ 220 ಮಿ.ಮೀ.ಗೆ ಏರಿ, ಗ್ರೌಂಡ್ ಕ್ಲಿಯರೆನ್ಸ್ 270 ಮಿ.ಮೀ. ಆಗಿದೆ. ಅದರ ಸೀಟಿನ ಎತ್ತರ 891 ಮಿ.ಮೀ. ಐದಡಿ ಎಂಟಂಗುಲಕ್ಕಿಂತ ಕಡಿಮೆ ಎತ್ತರದವರು ಸಿಗ್ನಲ್ಲಿನಲ್ಲಿ ಒಂದು ಕಾಲಿನ ತುದಿಯನ್ನಷ್ಟೇ ಊರಿ ನಿಲ್ಲಬೇಕಾಗುತ್ತದೆ, ಇಳಿಜಾರಿನ ಕಲ್ಲುಗಳ ನಡುವೆ ಅದೂ ಸಿಗುವುದಿಲ್ಲ. ಪಳಗಿದವರಿಗೆ ಸರಿ, ಕಲಿಯುವವರಿಗೆ ಬೇಡ.

ಎತ್ತುವ ಮಾತಿಗೆ ಬರುತ್ತೇನೆ, ಏಕೆಂದರೆ ಮಣ್ಣಿನಲ್ಲಿ ಬೈಕ್ ಬೀಳುವುದು ಅಪರೂಪದ ಘಟನೆಯಲ್ಲ, ಅದು ಓಡಿಸುವುದರ ಒಂದು ಭಾಗ. ಏರಿನಲ್ಲಿ ಎಂಜಿನ್ ನಿಂತು ಬೈಕ್ ಬಲಕ್ಕೆ ಮಲಗಿತೆಂದುಕೊಳ್ಳಿ. ಮೊದಲು ಹ್ಯಾಂಡಲಿನಲ್ಲಿರುವ, ಎಂಜಿನ್ ಆರಿಸುವ ಕಿಲ್ ಸ್ವಿಚ್ ಒತ್ತಿ, ಹಿಂದಕ್ಕೆ ಉರುಳದಂತೆ ಗೇರಿಗೆ ಹಾಕಿ, ಎಡಭಾಗದ ಸೈಡ್ ಸ್ಟ್ಯಾಂಡನ್ನು ಮುಂಚಿತವಾಗಿ ಹೊರಗೆ ತೆಗೆದಿಡಬೇಕು. ಚಕ್ರಗಳು ಇಳಿಜಾರಿನ ಮೇಲ್ಬದಿಗಿದ್ದರೆ ಬೈಕನ್ನು ನೆಲದ ಮೇಲೆಯೇ ಎಳೆದು ತಿರುಗಿಸಿ, ಚಕ್ರಗಳು ಕೆಳಬದಿಗೆ ಬರುವಂತೆ ಮಾಡಬೇಕು. ಆಮೇಲೆ ಸೀಟಿಗೆ ಬೆನ್ನು ಕೊಟ್ಟು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು, ಸೊಂಟದಿಂದಲ್ಲದೆ ಕಾಲುಗಳ ಬಲದಿಂದ ಪುಟ್ಟ ಹೆಜ್ಜೆಗಳಲ್ಲಿ ಹಿಂದಕ್ಕೆ ನಡೆಯಬೇಕು. 160 ಕೆ.ಜಿ.ಯ ಬೈಕನ್ನು ಸಾಧಾರಣ ಮೈಕಟ್ಟಿನವರು ಹೀಗೆ ಮತ್ತೆ ಮತ್ತೆ ಎತ್ತಬಹುದು. 200 ಕೆ.ಜಿ. ಹತ್ತಿರವಿರುವ ಬೈಕನ್ನು ಬಿಸಿಲಿನಲ್ಲಿ ಎರಡನೆಯ ಸಲ ಎತ್ತುವಷ್ಟರಲ್ಲೇ ಕೈಕಾಲು ಸೋತು, ಆ ದಣಿವಿನಿಂದಲೇ ಮೂರನೆಯ ಸಲ ಬೀಳುತ್ತೇವೆ. ಕೆಎಲ್‌ಎಕ್ಸ್ 230ಕ್ಕೂ ಹಿಮಾಲಯನ್ 450ಕ್ಕೂ ನಡುವಿನ ವ್ಯತ್ಯಾಸ 57 ಕೆ.ಜಿ., ಅಂದರೆ ಒಂದು ರಾಗಿ ಮೂಟೆಗಿಂತಲೂ ಹೆಚ್ಚು. ಶೋರೂಮಿನ ನುಣುಪು ನೆಲದ ಮೇಲೆ ಈ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ.

ಎಕ್ಸ್‌ಪಲ್ಸ್ 210 ಈ ಇಡೀ ಗುಂಪಿನಲ್ಲಿ ನನಗೆ ಹೆಚ್ಚು ಒಪ್ಪಿಗೆಯಾದ ಬೈಕ್. 2025ರ ಜನವರಿಯಲ್ಲಿ ದೆಹಲಿಯ ಭಾರತ್ ಮೊಬಿಲಿಟಿ ಪ್ರದರ್ಶನದಲ್ಲಿ ಬಿಡುಗಡೆಯಾದ ಇದಕ್ಕೆ ಕರಿಜ್ಮಾ ಎಕ್ಸ್‌ಎಂಆರ್‌ನಿಂದ ಬಂದ 210 ಸಿಸಿ ಲಿಕ್ವಿಡ್ ಕೂಲ್ಡ್ ಎಂಜಿನ್ ಇದೆ, ಶಕ್ತಿ 24.6 ಪಿಎಸ್, ಟಾರ್ಕ್ 20.7 ನ್ಯೂಟನ್ ಮೀಟರ್, ಗೇರುಗಳು ಆರು. ಸಸ್ಪೆನ್ಷನ್ ಮುಂದೆ 210, ಹಿಂದೆ 205 ಮಿ.ಮೀ.ಗೆ ಹೆಚ್ಚಿದ್ದರೂ ಸೀಟಿನ ಎತ್ತರ 830 ಮಿ.ಮೀ.ನಲ್ಲೇ ನಿಂತಿದೆ, ತೂಕ 170 ಕೆ.ಜಿ. ಆಸುಪಾಸು. ಹಳೆಯದಕ್ಕಿಂತ ಹತ್ತು ಕೆ.ಜಿ. ಹೆಚ್ಚಾಯಿತೆಂಬುದು ನಿಜ, ಆದರೆ ಆ ಹತ್ತು ಕೆ.ಜಿ.ಗೆ ಪ್ರತಿಯಾಗಿ ಸಿಕ್ಕಿರುವುದು ಹೆದ್ದಾರಿಯ ನೆಮ್ಮದಿ. ಆರನೇ ಗೇರಿನಲ್ಲಿ 90, 95ರ ವೇಗದಲ್ಲಿ ಎಂಜಿನ್ ಕಿರುಚುವುದಿಲ್ಲ, ಶಿರಾ ಕಡೆಯ ನೇರ ರಸ್ತೆಯಲ್ಲಿ ಲಾರಿ ಸಾಲನ್ನು ದಾಟುವಾಗ ಉಸಿರು ಬಿಗಿ ಹಿಡಿಯಬೇಕಿಲ್ಲ. ಮಣ್ಣಿಗೆ ಇಳಿದರೆ ಸಸ್ಪೆನ್ಷನ್ನಿನ ವ್ಯತ್ಯಾಸ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನಾಲೆ ಏರಿಯ ಮೇಲಿನ ಹೊಂಡಗಳಲ್ಲಿ ನನ್ನ 4ವಿ ತಳಕ್ಕೆ ತಾಕಿ ಕುಟುಕುವ ಕಡೆ 210 ಸುಮ್ಮನೆ ನುಂಗಿಕೊಂಡು ಹೋಗುತ್ತದೆ. ನನ್ನ ಒಂದೇ ತಕರಾರು ಎಂಜಿನ್ನಿನ ಗುಣದ ಬಗ್ಗೆ. ಇದರ ಶಕ್ತಿ ಮೇಲಿನ ಆರ್‌ಪಿಎಂಗಳಲ್ಲಿದೆ; ತೀರಾ ನಿಧಾನದ ಕಲ್ಲು ಹಾದಿಯಲ್ಲಿ ಕ್ಲಚ್ಚಿನ ಕೆಲಸ ಸ್ವಲ್ಪ ಹೆಚ್ಚು. ಮತ್ತೆ, ಮುಂದೆ ರೇಡಿಯೇಟರ್ ಇರುವುದರಿಂದ ಅದಕ್ಕೊಂದು ಜಾಲರಿಯ ಗಾರ್ಡ್ ಹಾಕಿಸದೆ ಕಲ್ಲಿನ ದಾರಿಗೆ ಇಳಿಯಬಾರದು. ಮುಂದಿನ ಬೈಕಿನ ಚಕ್ರದಿಂದ ಸಿಡಿದ ಒಂದೇ ಒಂದು ಕಲ್ಲು ಸಾಕು.

ಮಣ್ಣಿನಲ್ಲಿ ಎಲ್ಲಕ್ಕಿಂತ ಮಿಗಿಲಾದದ್ದು ಯಾವುದೆಂದು ಕೇಳಿದರೆ ಕವಾಸಾಕಿ ಕೆಎಲ್‌ಎಕ್ಸ್ 230 ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. 139 ಕೆ.ಜಿ. ತೂಕ, 233 ಸಿಸಿಯ ಸರಳವಾದ ಏರ್ ಕೂಲ್ಡ್ ಎಂಜಿನ್, ಮುಂದೆ 240 ಮತ್ತು ಹಿಂದೆ 250 ಮಿ.ಮೀ. ಸಸ್ಪೆನ್ಷನ್, 265 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್. ರಸ್ತೆಯ ಬೈಕಿಗೆ ಮಣ್ಣಿನ ಉಡುಪು ತೊಡಿಸಿದ್ದಲ್ಲ ಇದು, ಮಣ್ಣಿನ ಬೈಕಿಗೇ ದೀಪ, ಇಂಡಿಕೇಟರ್ ಕೊಟ್ಟು ರಸ್ತೆಗೆ ತಂದದ್ದು. ಸೀಟು 880 ಮಿ.ಮೀ. ಎತ್ತರದಲ್ಲಿದ್ದರೂ ಕಿರಿದಾಗಿರುವುದರಿಂದಲೂ ಕೂತಾಗ ಸಸ್ಪೆನ್ಷನ್ ತಗ್ಗುವುದರಿಂದಲೂ ಅಂಕಿ ಹೆದರಿಸಿದಷ್ಟು ಎತ್ತರ ಅನಿಸುವುದಿಲ್ಲ. ಆದರೂ ತುಮಕೂರಿನಲ್ಲಿದ್ದುಕೊಂಡು ಇದನ್ನೇ ಏಕೈಕ ಬೈಕಾಗಿ ಇಟ್ಟುಕೊಳ್ಳಲು ನನಗೆ ಎರಡು ಅಡ್ಡಿಗಳು ಕಾಣುತ್ತವೆ. ಟ್ಯಾಂಕ್ ಹಿಡಿಸುವುದು 7.6 ಲೀಟರ್ ಮಾತ್ರ. ಇಲ್ಲಿಂದ ಪಾವಗಡಕ್ಕೇ ಸುಮಾರು ನೂರು ಕಿ.ಮೀ.; ನಡುವೆ ಮಣ್ಣು ಹಾದಿಗಳಲ್ಲಿ ಸುತ್ತಾಡಿದರೆ ಪೆಟ್ರೋಲ್ ಬಂಕ್ ಎಲ್ಲಿದೆಯೆಂಬುದನ್ನು ನೋಡಿಕೊಂಡೇ ದಾರಿ ಹಾಕಿಕೊಳ್ಳಬೇಕು. ಇನ್ನು, ಸರ್ವೀಸಿಗೂ ಬಿಡಿಭಾಗಕ್ಕೂ ಬೆಂಗಳೂರಿಗೇ ಹೋಗಬೇಕು. ಬ್ರೇಕ್ ಲಿವರಿಗೊಂದು ದಿನ, ಸರ್ವೀಸಿಗೊಂದು ದಿನ ರಜೆ ಹಾಕಬೇಕಾದರೆ, ದಿನವೂ ಕೆಲಸಕ್ಕೆ ಒಯ್ಯುವ ಬೈಕಿನ ವಿಷಯದಲ್ಲಿ ಅದು ಸಣ್ಣ ತೊಂದರೆಯಲ್ಲ. 2024ರ ಡಿಸೆಂಬರಿನಲ್ಲಿ ಬಿಡುಗಡೆಯಾದಾಗ ಇದರ ಶೋರೂಂ ಬೆಲೆಯೇ 3.30 ಲಕ್ಷ ರೂಪಾಯಿಯಿತ್ತು. ಮನೆಯಲ್ಲಿ ಬೇರೊಂದು ಬೈಕೋ ಸ್ಕೂಟರೋ ಇದ್ದು, ಇದನ್ನು ಭಾನುವಾರಕ್ಕೆಂದೇ ಇಟ್ಟುಕೊಳ್ಳಬಲ್ಲವರಿಗೆ ನಾನು ಖಂಡಿತ ಹೂಂ ಅನ್ನುತ್ತೇನೆ.

ಕೆಟಿಎಂ 390 ಎಂಡ್ಯೂರೋ ಆರ್ ವಿಚಾರದಲ್ಲಿ ನನ್ನ ಅಭಿಪ್ರಾಯ ಹಲವು ಗೆಳೆಯರಿಗೆ ಹಿಡಿಸುವುದಿಲ್ಲ. 2025ರ ಏಪ್ರಿಲಿನಲ್ಲಿ ಬಂದ ಇದರಲ್ಲಿ 399 ಸಿಸಿ ಎಂಜಿನ್, 46 ಪಿಎಸ್ ಶಕ್ತಿ, 39 ನ್ಯೂಟನ್ ಮೀಟರ್ ಟಾರ್ಕ್ ಇದೆ. ತೂಕ 177 ಕೆ.ಜಿ., ಸೀಟು 860 ಮಿ.ಮೀ., ಟ್ಯಾಂಕ್ 9 ಲೀಟರ್. ಶಕ್ತಿ ಮತ್ತು ತೂಕದ ಅನುಪಾತದಲ್ಲಿ ಉಳಿದ ಯಾವುದೂ ಇದರ ಹತ್ತಿರಕ್ಕೆ ಬರುವುದಿಲ್ಲ, ಹೆದ್ದಾರಿಯಲ್ಲಿ ಇದನ್ನು ಓಡಿಸುವುದು ನಿಜವಾದ ಸಂತೋಷ. ಜಯಮಂಗಲಿಯ ಒಣ ಮರಳಿನಲ್ಲಿ ಮುಂಚಕ್ರ ಹೂತುಕೊಳ್ಳತೊಡಗಿದಾಗ ಒಂದಿಷ್ಟು ಆಕ್ಸಲರೇಟರ್ ಕೊಟ್ಟರೆ ಸಾಕು, ಬೈಕ್ ತೇಲಿಕೊಂಡು ಹೊರಬರುತ್ತದೆ. ನನ್ನ 4ವಿಯಲ್ಲಿ ಅದೇ ಜಾಗದಲ್ಲಿ ಕಾಲು ಕೊಟ್ಟು ತಳ್ಳಬೇಕಾಗುತ್ತದೆ. ಆದರೆ ಅದೇ ಶಕ್ತಿ ತೋಟದ ಸಾಲಿನ ತಿರುವಿನಲ್ಲಿ, ಒದ್ದೆ ಜೇಡಿಯ ಮೇಲೆ, ಕಲಿಯುವವರ ಕೈಯಲ್ಲಿ ಅಪಾಯ. ಮಣ್ಣಿನಲ್ಲಿ ಒಂದೆರಡು ವರ್ಷ ಪಳಗಿದವರು ಎರಡನೆಯ ಬೈಕಾಗಿ ಕೊಳ್ಳಬೇಕಾದದ್ದು ಇದು. ಭಾರತದಲ್ಲಿ ಬಿಡುಗಡೆಯಾದ ರೂಪದಲ್ಲಿ ಸಸ್ಪೆನ್ಷನ್ ಮುಂದೆ 200, ಹಿಂದೆ 205 ಮಿ.ಮೀ. ಇದ್ದು, ಹೊರದೇಶದ ಆವೃತ್ತಿಯ 230 ಮಿ.ಮೀ.ಗಿಂತ ಕಡಿಮೆಯಿತ್ತು ಎಂಬುದನ್ನೂ ಗಮನಿಸಬೇಕು. ಹೊಲದ ಜಾಡುಗಳಿಗೆ ಅಷ್ಟು ಸಾಕು, ಹಾರಿಸುವ ಹುಮ್ಮಸ್ಸಿರುವವರಿಗೆ ಸಾಲದು.

ಹಿಮಾಲಯನ್ 450 ಒಳ್ಳೆಯ ಬೈಕ್, ಆದರೆ ಅದು ಬೇರೆ ಕೆಲಸದ ಬೈಕ್. 452 ಸಿಸಿ, 40 ಪಿಎಸ್, 17 ಲೀಟರ್ ಟ್ಯಾಂಕ್, 196 ಕೆ.ಜಿ. ತೂಕ. ಇಬ್ಬರು ಕೂತು ಸಾಮಾನು ಕಟ್ಟಿಕೊಂಡು ದೂರದ ಊರಿಗೆ ಹೊರಡುವವರಿಗೆ, ನಡುವೆ ಕೆಟ್ಟ ರಸ್ತೆ ಬಂದರೂ ಚಿಂತೆಯಿಲ್ಲದೆ ಸಾಗಬೇಕೆನ್ನುವವರಿಗೆ ಇದೇ ಸರಿ. ಚನ್ನರಾಯನದುರ್ಗದ ಬುಡದ ಕಲ್ಲಿನ ಏರಿಗೆ ಇದನ್ನು ತಂದ ಗೆಳೆಯರು ಪ್ರತಿ ಸಲ ಕೆಳಗೇ ನಿಲ್ಲಿಸಿ ನಮಗಾಗಿ ಕಾಯುತ್ತಾರೆ.

ಮುಳ್ಳಿನ ವಿಷಯವನ್ನು ಯಾವ ಶೋರೂಮಿನಲ್ಲೂ ಹೇಳುವುದಿಲ್ಲ, ಆದರೆ ಶಿರಾ, ಪಾವಗಡ, ಮಧುಗಿರಿಯ ಕಡೆ ಓಡಿಸುವವರಿಗೆ ಅದು ಎಂಜಿನ್ನಿಗಿಂತ ದೊಡ್ಡ ವಿಷಯ. ಬಳ್ಳಾರಿ ಜಾಲಿಯ ಒಣ ಮುಳ್ಳು ಟೈರಿನ ಗುಬುಟುಗಳ ನಡುವಿನ ತೆಳು ಭಾಗದಲ್ಲಿ ನೇರವಾಗಿ ಒಳಹೋಗುತ್ತದೆ. ತುದಿ ಮುರಿದು ರಬ್ಬರಿನೊಳಗೇ ಉಳಿದರೆ ಹೊರಗಿನಿಂದ ಕಾಣುವುದಿಲ್ಲ. ಟ್ಯೂಬಿಗೆ ಪ್ಯಾಚ್ ಹಾಕಿ ಕೂರಿಸಿದರೂ ಹತ್ತು ಕಿ.ಮೀ. ಹೋಗುವಷ್ಟರಲ್ಲಿ ಅದೇ ತುದಿ ಮತ್ತೆ ಚುಚ್ಚುತ್ತದೆ. ಆದ್ದರಿಂದ ಟ್ಯೂಬ್ ಹೊರತೆಗೆದಾಗ ಟೈರಿನ ಒಳಮೈಯನ್ನು ಬೆರಳಿನಿಂದಲ್ಲ, ಬಟ್ಟೆಯ ತುಂಡಿನಿಂದ ಸವರಿ ನೋಡಬೇಕು. ಬಟ್ಟೆಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಮುಳ್ಳಿದೆ. ಎಕ್ಸ್‌ಪಲ್ಸ್‌ಗಳು, ಕೆಎಲ್‌ಎಕ್ಸ್, ಎಂಡ್ಯೂರೋ ಆರ್ ಎಲ್ಲವೂ ಟ್ಯೂಬಿನ ಚಕ್ರದವು. ಹಿಮಾಲಯನ್ 450ಕ್ಕೆ ಮಾತ್ರ ಟ್ಯೂಬ್‌ಲೆಸ್ ಕಡ್ಡಿ ಚಕ್ರದ ಆಯ್ಕೆಯಿದೆ, ಈ ಸೀಮೆಯಲ್ಲಿ ಅದೊಂದು ದೊಡ್ಡ ಅನುಕೂಲವೆಂದು ಒಪ್ಪಲೇಬೇಕು.

ಹಳ್ಳಿಯ ಪಂಚರ್ ಅಂಗಡಿಯಲ್ಲಿ 17, 18 ಇಂಚಿನ ಟ್ಯೂಬುಗಳು ಕಂಬದಲ್ಲಿ ತೂಗಾಡುತ್ತಿರುತ್ತವೆ, 21 ಇಂಚಿನದ್ದು ಇರುವುದಿಲ್ಲ. ಮಧುಗಿರಿ ರಸ್ತೆಯ ಒಂದು ಅಂಗಡಿಯಲ್ಲಿ ಹಿರಿಯರೊಬ್ಬರು ನನ್ನ ಮುಂಚಕ್ರವನ್ನು ತಿರುಗಿಸಿ ನೋಡಿ, "ಈ ಅಳತೆ ನಮ್ಮತ್ರ ಇಲ್ಲ ಸ್ವಾಮಿ, ತುಮಕೂರಿಗೇ ಹೋಗ್ಬೇಕು. ಪ್ಯಾಚ್ ಬೇಕಾದ್ರೆ ಹಾಕ್ಕೊಡ್ತೀನಿ" ಎಂದರು. ಹಾಕಿಕೊಟ್ಟ ಪ್ಯಾಚ್ ಗಟ್ಟಿಯಾಗಿಯೇ ಇತ್ತು, ಆದರೆ ವಾಲ್ವಿನ ಬುಡದಲ್ಲಿ ಹರಿದ ಟ್ಯೂಬಿಗೆ ಪ್ಯಾಚ್ ಕೂರುವುದಿಲ್ಲ. ಆದ್ದರಿಂದ 21 ಇಂಚಿನ ಟ್ಯೂಬೊಂದನ್ನು ಯಾವಾಗಲೂ ಬ್ಯಾಗಿನಲ್ಲಿ ಇಟ್ಟುಕೊಳ್ಳಬೇಕು. ತುರ್ತಿಗೆ ಅದನ್ನೇ 18 ಇಂಚಿನ ಹಿಂಚಕ್ರಕ್ಕೂ ಮಡಿಕೆ ಬೀಳದಂತೆ ಕೂರಿಸಿ ಊರು ಸೇರಬಹುದು. ಸಣ್ಣ ಟ್ಯೂಬನ್ನು ದೊಡ್ಡ ಚಕ್ರಕ್ಕೆ ಹಿಗ್ಗಿಸಿ ಹಾಕಲು ಹೋದರೆ ಬಾಳುವುದಿಲ್ಲ. ಜೊತೆಗೆ ಎರಡು ಟೈರ್ ಲಿವರ್, ಒಂದು ಕೈಪಂಪು, ಆಕ್ಸಲ್ ನಟ್ಟಿನ ಅಳತೆಯ ಸ್ಪ್ಯಾನರ್. ಮಣ್ಣಿಗೆ ಇಳಿಯುವ ಮುನ್ನ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಅದಕ್ಕಿಂತ ತೀರಾ ಕೆಳಗಿಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಎರಡು ಕಡೆ ಸೀಳುತ್ತದೆ. ಡಾಂಬರಿಗೆ ಮರಳಿದ ಕೂಡಲೇ ಮತ್ತೆ ತುಂಬಿಸಿಕೊಳ್ಳಬೇಕು, ಇಲ್ಲವಾದರೆ ಹೆದ್ದಾರಿಯ ತಿರುವಿನಲ್ಲಿ ಬೈಕ್ ತೇಲುತ್ತದೆ.

ಬ್ರೇಕಿನ ವಿಷಯ ಚಿಕ್ಕದಾದರೂ ಮುಖ್ಯವಾದದ್ದು. ಮಣ್ಣಿನ ಇಳಿಜಾರಿನಲ್ಲಿ ಹಿಂಚಕ್ರದ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುತ್ತಿದ್ದರೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ, ಬೈಕ್ ನಿಲ್ಲುವುದೇ ಇಲ್ಲ. ಅದನ್ನು ನಿಲ್ಲಿಸುವ ಸ್ವಿಚ್ಚೋ ಮೋಡೋ ಇದೆಯೇ, ಎಂಜಿನ್ ಆರಿಸಿ ಮತ್ತೆ ಶುರು ಮಾಡಿದಾಗ ಎಬಿಎಸ್ ತಾನಾಗಿಯೇ ಮರಳಿ ಬರುತ್ತದೆಯೇ ಎಂಬುದನ್ನು ಕೊಳ್ಳುವ ಮುಂಚೆಯೇ ಕೈಯಾರೆ ಒತ್ತಿ ನೋಡಬೇಕು. ರಸ್ತೆಗೆ ಬಂದ ಮೇಲೆ ಎಬಿಎಸ್ ಹಾಕಿಕೊಳ್ಳುವುದನ್ನು ಮರೆಯಬಾರದು.

ಹಣದ ಲೆಕ್ಕದಲ್ಲಿ ಶೋರೂಂ ಬೆಲೆಯಷ್ಟೇ ನೋಡಿದರೆ ಸಾಲದು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಮೇಲಿನ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿದಿದೆ. ಅದಕ್ಕಿಂತ ದೊಡ್ಡ ಎಂಜಿನ್ನಿನವುಗಳ ಮೇಲೆ ಶೇಕಡಾ 40 ಆಗಿದೆ. ಕಡ್ಡಾಯವಾದ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯಲ್ಲೂ 350 ಸಿಸಿಯೇ ಗಡಿ: ಅದರ ಮೇಲಿನ ಬೈಕಿಗೆ ಕಂತು ಹೆಚ್ಚುಕಡಿಮೆ ಎರಡರಷ್ಟು. ಅದರ ಮೇಲೆ ರಾಜ್ಯದ ಜೀವಾವಧಿ ತೆರಿಗೆ. ಇವೆಲ್ಲ ಸೇರಿದ ಆನ್‌ರೋಡ್ ಬೆಲೆಯನ್ನು ಬರೆಸಿಕೊಂಡ ಮೇಲೆ, ಮಂಡಿ ಮತ್ತು ಮೊಣಕೈ ಗಾರ್ಡ್, ಕಣಕಾಲು ಮುಚ್ಚುವ ಗಟ್ಟಿ ಬೂಟು, ಐಎಸ್‌ಐ ಗುರುತಿನ ಒಳ್ಳೆಯ ಹೆಲ್ಮೆಟ್, ಕೈಗವಸುಗಳಿಗೆಂದು ಒಂದು ಮೊತ್ತವನ್ನು ಬೇರೆ ತೆಗೆದಿಡಬೇಕು. ಈ ಮೊತ್ತಕ್ಕೆ ದುಡ್ಡು ಉಳಿಯದಿದ್ದರೆ ಒಂದು ಮಟ್ಟ ಕೆಳಗಿನ ಬೈಕ್ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇದರಲ್ಲಿ ರಾಜಿ ಸಲ್ಲದು. ಮಣ್ಣಿನಲ್ಲಿ ಹೆಚ್ಚಿನ ಪೆಟ್ಟುಗಳು ನಿಧಾನದ ವೇಗದಲ್ಲೇ ಆಗುತ್ತವೆ, ಬೈಕಿನಡಿ ಸಿಕ್ಕಿದ ಕಣಕಾಲಿಗೆ ಆಗುತ್ತವೆ.

ಹಳೆಯ ಎಕ್ಸ್‌ಪಲ್ಸ್ 200 ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತದೆ, ಕಲಿಯುವವರಿಗೆ ಅದು ನಿಜಕ್ಕೂ ಒಳ್ಳೆಯ ದಾರಿ. ನೋಡಲು ಹೋದಾಗ ಹೊಳಪಿಗೆ ಮರುಳಾಗದೆ ಕೆಳಗೆ ಬಗ್ಗಿ ನೋಡಬೇಕು. ಎಂಜಿನ್ನಿನ ತಳವನ್ನು ಕಾಯುವ ಬ್ಯಾಷ್ ಪ್ಲೇಟಿನ ಮೇಲೆ ಗೀರುಗಳಿದ್ದರೆ ಗಾಬರಿ ಬೇಡ, ಎಂಜಿನ್ ಕೇಸಿನ ಮೇಲೆ ವೆಲ್ಡಿಂಗ್ ಗುರುತಿದ್ದರೆ ಎದ್ದು ಬನ್ನಿ. ಮುಂಚಕ್ರವನ್ನು ನೆಲದಿಂದ ಎತ್ತಿಸಿ ಹ್ಯಾಂಡಲನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿದಾಗ ನಡುವೆ ಸಣ್ಣಗೆ ಕಚ್ಚಿ ನಿಂತಂತಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ ಎಂದರ್ಥ. ಫೋರ್ಕ್ ಕೊಳವೆಯ ಮೇಲೆ ಎಣ್ಣೆಯ ಉಂಗುರ, ಒಂದೊಂದಾಗಿ ತಟ್ಟಿದಾಗ ಡಬ್ಬ ಸದ್ದು ಕೊಡುವ ಕಡ್ಡಿ, ತಿರುಗಿಸಿದಾಗ ಓಲಾಡುವ ರಿಮ್, ಹಿಂಚಕ್ರವನ್ನು ಹಿಡಿದು ಅಲ್ಲಾಡಿಸಿದಾಗ ಸ್ವಿಂಗ್ ಆರ್ಮಿನಲ್ಲಿ ಕಾಣುವ ಸಡಿಲ, ಇವೆಲ್ಲವನ್ನೂ ಬೆಲೆಯಲ್ಲಿ ಕಳೆಯಬೇಕು. ಚಾಸಿಸ್ ಸಂಖ್ಯೆ ಆರ್‌ಸಿಯೊಂದಿಗೆ ತಾಳೆಯಾಗುತ್ತದೆಯೇ, ಸಾಲದ ನಮೂದು ತೆಗೆಸಿದ್ದಾರೆಯೇ ಎಂದೂ ನೋಡಬೇಕು. ಸೈಲೆನ್ಸರ್ ಬದಲಿಸಿರುವುದು, ಹಿಂದಿನ ಮಡ್‌ಗಾರ್ಡ್ ಕತ್ತರಿಸಿರುವುದು ಕಂಡರೆ ಮೂಲ ಭಾಗಗಳನ್ನೂ ಕೇಳಿ ಪಡೆಯಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಲು ಬಿಡುವುದಿಲ್ಲ.

ಎಲ್ಲಿ ಓಡಿಸಬಹುದು ಎಂಬುದೂ ಬೈಕಿನ ಆಯ್ಕೆಗೆ ಸಂಬಂಧಿಸಿದ ಮಾತೇ. ದೇವರಾಯನದುರ್ಗದ ಕಾಡಿನೊಳಗೆ ಅನುಮತಿಯಿಲ್ಲದೆ ಬೈಕ್ ನುಗ್ಗಿಸುವುದು ಅಪರಾಧ; ಅದು ಚಿರತೆ, ಕರಡಿಗಳಿರುವ ಜಾಗ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ದೂರದಿಂದ ಸಮತಟ್ಟಾದ ಮೈದಾನದಂತೆ ಕಂಡು ಆಸೆ ಹುಟ್ಟಿಸಿದರೂ ಅದು ಕೃಷ್ಣಮೃಗಗಳ ಜಯಮಂಗಲಿ ಸಂರಕ್ಷಿತ ಪ್ರದೇಶ, ಅಲ್ಲಿಗೆ ಚಕ್ರ ಇಳಿಸಲೇಬಾರದು. ನಮಗೆ ಉಳಿದಿರುವುದು ಹಳ್ಳಿಯಿಂದ ಹಳ್ಳಿಗೆ ಹೋಗುವ ನಕಾಶೆ ದಾರಿಗಳು (ಗ್ರಾಮ ನಕ್ಷೆಯಲ್ಲಿರುವ ದಾರಿಗಳು), ಬಂಡಿ ಜಾಡುಗಳು, ಊರವರನ್ನು ಕೇಳಿಕೊಂಡು ಹೋಗಬಹುದಾದ ಏರಿಗಳು. ಈ ದಾರಿಗಳಲ್ಲಿ ಕುರಿಮಂದೆ ಎದುರಾದರೆ ಎಂಜಿನ್ ಆರಿಸಿ ಪಕ್ಕಕ್ಕೆ ನಿಲ್ಲಬೇಕು, ರಾಗಿ ಹೊಲದ ಬದುವಿನ ಮೇಲೆ ಹತ್ತಬಾರದು. ಇಂಥ ಓಡಾಟಕ್ಕೆ 46 ಪಿಎಸ್ ಎಲ್ಲಿಯೂ ಬೇಕಾಗುವುದಿಲ್ಲ. ಬೇಕಾಗುವುದು ಸದ್ದಿಲ್ಲದ ಸೈಲೆನ್ಸರ್, ನಿಧಾನದಲ್ಲಿ ತೂಗಿಸಿಕೊಂಡು ಹೋಗುವ ಹದ, ಹತ್ತಿರದ ಸರ್ವೀಸ್. ವೇಗದ ಹಂಬಲವಿರುವವರಿಗೆ ಕೋಲಾರ ಜಿಲ್ಲೆಯಲ್ಲಿ ಬಿಗ್ ರಾಕ್ ಡರ್ಟ್ ಪಾರ್ಕ್ ಇದೆ. 2015ರಲ್ಲಿ ಡಕಾರ್ ರ‍್ಯಾಲಿ ಎಂಬ ದೂರದ, ಕಠಿಣ ರೇಸನ್ನು ಪೂರೈಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಸ್ಥಾಪಿಸಿದ್ದು. ಅಂಥ ಕಡೆ ಪಾಠ ಕಲಿತು ಬಂದವರಿಗೂ ತಾವಾಗಿಯೇ ಕಲಿತವರಿಗೂ ಇರುವ ವ್ಯತ್ಯಾಸ ಮೊದಲ ಇಳಿಜಾರಿನಲ್ಲೇ ಗೊತ್ತಾಗುತ್ತದೆ.

ಟೆಸ್ಟ್ ರೈಡ್‌ಗೆ ಹೋಗುವಾಗ ಮಾಮೂಲಿ ಚಪ್ಪಲಿಯಲ್ಲಿ ಹೋಗದೆ ಓಡಿಸುವಾಗ ಹಾಕಿಕೊಳ್ಳುವ ಬೂಟನ್ನೇ ಹಾಕಿಕೊಂಡು ಹೋಗಿ. ಕಾಲು ನೆಲಕ್ಕೆ ಎಟಕುವುದೂ ಗೇರ್ ಲಿವರ್ ಸಿಗುವುದೂ ಬೂಟಿನಲ್ಲಿ ಬೇರೆಯೇ ಆಗಿರುತ್ತದೆ. ಶೋರೂಮಿನವರು ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ಸಾಕೆನ್ನಬಹುದು. ಹತ್ತಿರದ ಲೇಔಟಿನ ಮಣ್ಣು ರಸ್ತೆಯವರೆಗಾದರೂ ಬಿಡುವಂತೆ ಕೇಳಿ. ಅಲ್ಲಿ ಪೆಗ್ಗಿನ ಮೇಲೆ ಎದ್ದು ನಿಂತು ನೂರಿನ್ನೂರು ಅಡಿ ಓಡಿಸಿ, ಬೆನ್ನು ಬಗ್ಗಿಸದೆ ಹ್ಯಾಂಡಲ್ ಸಿಗುತ್ತದೆಯೇ ನೋಡಿ. ಆಮೇಲೆ ಎಂಜಿನ್ ಆರಿಸಿ, ಕೆಳಗಿಳಿದು, ಬೈಕನ್ನು ಸಣ್ಣ ಏರಿನ ಮೇಲೆ ಹಿಂದಕ್ಕೆ ತಳ್ಳಿ, ಹ್ಯಾಂಡಲನ್ನು ಪೂರ್ತಿ ತಿರುಗಿಸಿ ಇದ್ದಲ್ಲೇ ಮುಖ ಬದಲಿಸಿ ನಿಲ್ಲಿಸಿ. ಅಷ್ಟು ಮಾಡುವಾಗಲೇ ಏದುಸಿರು ಬಂದರೆ ಅದಕ್ಕಿಂತ ಹಗುರವಾದದ್ದನ್ನು ತೋರಿಸಲು ಹೇಳಿ.